ದೊಡ್ಡ ಟೈರಿಗೆ ಎಷ್ಟು ದಪ್ಪದ ಸ್ಪೇಸರ್?

ಕೇಳುಗರಿಗೆ ನಮಸ್ಕಾರ.

ಪಿಕಪ್ ಗಾಡಿಗೆ ದೊಡ್ಡ ಟೈರ್ ಹಾಕಿಸಿದವರು ಕೆಲವೇ ದಿನಗಳಲ್ಲಿ ಗ್ಯಾರೇಜಿಗೆ ಮರಳಿ ಬಂದು ಕೇಳುವುದು ಒಂದೇ ಪ್ರಶ್ನೆ: ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಟೈರ್ ಒಳಗೆ ಉಜ್ಜುತ್ತದೆ, ಎಷ್ಟು ದಪ್ಪದ ಸ್ಪೇಸರ್ ಹಾಕಿಸಲಿ? ಸ್ಪೇಸರ್ ಎಂದರೆ ಚಕ್ರವನ್ನು ಹೊರಗೆ ತಳ್ಳಲು, ಚಕ್ರಕ್ಕೂ ಅದನ್ನು ಬಿಗಿಯುವ ಹಬ್‌ಗೂ ನಡುವೆ ಹಾಕುವ ಲೋಹದ ಬಿಲ್ಲೆ. ಐವತ್ತು ಮಿಲಿಮೀಟರ್ ಹಾಕಿಸಿ ಎಂದು ಹೇಳುವವರಿಗೆ ಬರವಿಲ್ಲ. ಗಾಡಿ ಅಗಲವಾಗಿ ಕಾಣುತ್ತದೆ, ಮಾಲೀಕರ ಎದೆಯೂ ಅಗಲವಾಗುತ್ತದೆ. ಆದರೆ ಎಲ್ಲಿ ಉಜ್ಜುತ್ತಿದೆ, ಎಷ್ಟು ಉಜ್ಜುತ್ತಿದೆ ಎಂದು ನೋಡದೆ ದಪ್ಪ ಹೇಳುವುದು ನಾಡಿ ಹಿಡಿಯದೆ ಔಷಧ ಕೊಟ್ಟಂತೆ.

ಟೊಯೊಟಾ ಹೈಲಕ್ಸ್ ಪಿಕಪ್ ಗಾಡಿಯನ್ನೇ ತೆಗೆದುಕೊಳ್ಳಿ. ಟೈರಿನ ಮೇಲೆ ಬರೆದ ಅಳತೆಯಲ್ಲಿ ಮೊದಲನೆಯದು ಮಿಲಿಮೀಟರಿನಲ್ಲಿ ಅಗಲ, ಎರಡನೆಯದು ಟೈರಿನ ಬದಿಯ ಎತ್ತರ ಅಗಲದ ಶೇಕಡಾ ಎಷ್ಟು ಎಂಬುದು, ಕೊನೆಯದು ಇಂಚಿನಲ್ಲಿ ರಿಮ್ಮಿನ ವ್ಯಾಸ. 265/60 ಆರ್18 ಟೈರ್ ತೆಗೆದು ಅದೇ ರಿಮ್ಮಿಗೆ 285/60 ಹಾಕಿದರೆ ಅಗಲ 20 ಮಿಲಿಮೀಟರ್ ಹೆಚ್ಚುತ್ತದೆ. ಅದರಲ್ಲಿ ಒಳಬದಿಗೆ ಸರಿಯುವುದು ಅರ್ಧ, ಅಂದರೆ ಸುಮಾರು 10 ಮಿಲಿಮೀಟರ್. ಹತ್ತರ ತೊಂದರೆಗೆ ಐವತ್ತರ ಪರಿಹಾರವೇಕೆ? ಟೈರಿನ ವ್ಯಾಸವೂ 24 ಮಿಲಿಮೀಟರ್ ಬೆಳೆದಿರುತ್ತದೆ. ಸ್ಪೇಸರ್ ಚಕ್ರವನ್ನು ಹೊರಗೆ ತಳ್ಳಿದಷ್ಟೂ, ತಿರುವಿನಲ್ಲಿ ಅದು ಸುತ್ತುವ ಕಮಾನು ದೊಡ್ಡದಾಗುತ್ತದೆ. ಒಳಗಿನ ಉಜ್ಜಾಟ ನಿಂತು, ಬಂಪರ್ ಮೂಲೆಯಲ್ಲಿ, ಮಡ್‌ಗಾರ್ಡಿನ ಹಿಂಬದಿಯಲ್ಲಿ ಹೊಸ ಉಜ್ಜಾಟ ಶುರುವಾಗುತ್ತದೆ.

ಜಾಗ ಪತ್ತೆ ಮಾಡುವುದು ನಮ್ಮ ಕಡೆ ಸುಲಭ. ಸಂಡೂರಿನ ಅದಿರು ರಸ್ತೆಯಲ್ಲಿ ಓಡಾಡಿದ ಗಾಡಿಯ ಕೆಳಭಾಗವೆಲ್ಲ ಕೆಂಪು ಧೂಳು ಮೆತ್ತಿಕೊಂಡಿರುತ್ತದೆ. ಸ್ಟೇರಿಂಗನ್ನು ಒಂದು ಬದಿಗೆ ಪೂರ್ತಿ ತಿರುಗಿಸಿ, ಟಾರ್ಚ್ ಹಿಡಿದು ಬಗ್ಗಿ ನೋಡಿ. ಚಕ್ರವನ್ನು ಚಾಸಿಗೆ ಜೋಡಿಸುವ ಮೇಲಿನ ತೋಳಿನ (ಕಂಟ್ರೋಲ್ ಆರ್ಮ್) ಮೇಲೋ, ಚಾಸಿಯ ಅಂಚಿನಲ್ಲೋ ಒಂದು ಕಡೆ ಮಾತ್ರ ಧೂಳು ಅಳಿಸಿ, ಬಣ್ಣ ಕಿತ್ತು, ಕಬ್ಬಿಣ ಮಿರುಗುತ್ತಿರುತ್ತದೆ. ಟೈರ್ ತಾಕುವುದು ಅಲ್ಲಿಯೇ. ಹೊರಬದಿಯಲ್ಲಿ ಎಷ್ಟು ಜಾಗವಿದೆ ಎಂಬುದನ್ನೂ ಅಳೆಯಿರಿ. ದಪ್ಪ ತೀರ್ಮಾನವಾಗಬೇಕಾದದ್ದು ಈ ಎರಡು ಅಳತೆಗಳ ನಡುವೆ.

ಕೊಳ್ಳುವಾಗ ಬೋಲ್ಟುಗಳ ವೃತ್ತವನ್ನಷ್ಟೇ ಹೊಂದಿಸಿದರೆ ಸಾಲದು. ಹೈಲಕ್ಸಿನದು ಆರು ಸ್ಟಡ್ (ಹಬ್ಬಿನಿಂದ ಚಾಚಿದ, ನಟ್ಟು ಕೂರುವ ಬೋಲ್ಟು), 139.7 ಮಿಲಿಮೀಟರ್ ವೃತ್ತ. ಆದರೆ ನಡುವಿನ ರಂಧ್ರವೂ ಹಬ್ಬಿನ 106.1 ಮಿಲಿಮೀಟರಿಗೆ ಬಿಗಿಯಾಗಿ ಕೂರಬೇಕು. ಇಲ್ಲದಿದ್ದರೆ ಚಕ್ರ ನಡುವಿಗೆ ಸರಿಯಾಗಿ ಕೂರದೆ ಸ್ಟೇರಿಂಗ್ ನಡುಗಬಹುದು. ಹಬ್ಬಿಗೆ ತನ್ನದೇ ನಟ್ಟುಗಳಿಂದ ಬಿಗಿಯುವ, ಚಕ್ರ ಕೂರಲು ತನ್ನದೇ ಸ್ಟಡ್ಡುಗಳಿರುವ, ಫೋರ್ಜ್ ಮಾಡಿದ ಅಲ್ಯೂಮಿನಿಯಂ ಸ್ಪೇಸರನ್ನೇ ಆರಿಸಿ. ಹಳೆಯ ಸ್ಟಡ್ಡಿಗೆ ಸುಮ್ಮನೆ ತೂರಿಸುವ ದಪ್ಪ ಬಿಲ್ಲೆ ಬೇಡವೇ ಬೇಡ. ಅದು ನಟ್ಟಿಗೆ ಸಿಗಬೇಕಾದ ಸ್ಟಡ್ಡಿನ ತಿರುಪನ್ನು ನುಂಗುತ್ತದೆ. ಪರಿಚಯದ ಲೇತಿನಲ್ಲಿ ಕಡಿಮೆ ದುಡ್ಡಿಗೆ ಕೊರೆಸುವ ಆಸೆಯನ್ನೂ ಬಿಡಿ. ತೆಳ್ಳಗಿನ ಸ್ಪೇಸರ್ ಆದರೆ ಹಳೆಯ ಸ್ಟಡ್ಡಿನ ತುದಿ ಹೊರಗೆ ಚಾಚುತ್ತದೆ. ಅದಕ್ಕೆ ರಿಮ್ಮಿನ ಹಿಂದೆ ಗುಳಿ ಇದೆಯೇ ಎಂದು ನೋಡಿಕೊಳ್ಳಿ.

ಕೈಯಲ್ಲಿ ಹಣವಿದ್ದರೆ ನಾನು ಹೇಳುವುದು ಕಡಿಮೆ ಆಫ್‌ಸೆಟ್ಟಿನ ರಿಮ್, ಅಂದರೆ ಸ್ಪೇಸರ್ ಇಲ್ಲದೆಯೇ ಚಕ್ರವನ್ನು ಹೊರಗೆ ಕೂರಿಸುವ ರಿಮ್ ಕೊಳ್ಳಿ ಎಂದೇ. ಬೇರಿಂಗಿನ ಮೇಲಿನ ಹೊರೆ ಅದರಲ್ಲೂ ಹೆಚ್ಚುತ್ತದೆ, ನಿಜ, ಆದರೆ ಬಿಗಿಯಬೇಕಾದ ಜೋಡಣೆ ಒಂದೇ ಇರುತ್ತದೆ. ಕಾನೂನಿನ ಮಾತೂ ಇದೆ. ತಯಾರಕರು ನಮೂದಿಸಿದ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಸ್ಪೇಸರ್ ಅಥವಾ ರಿಮ್ಮಿಗೆ ಹಣ ಕೊಡುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ಜೋಡಿಸುವ ದಿನ ಹಬ್ಬಿನ ಮುಖದ ತುಕ್ಕು, ಎರೆಮಣ್ಣು ಎಲ್ಲವನ್ನೂ ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ. ಒಂದು ಹರಳು ಉಳಿದರೂ ಸ್ಪೇಸರ್ ಓರೆಯಾಗಿ ಕೂರುತ್ತದೆ. ಎಷ್ಟು ಬಲದಿಂದ ಬಿಗಿದಿದೆ ಎಂದು ತೋರಿಸುವ ಟಾರ್ಕ್ ಪಾನಾದಿಂದಲೇ ಬಿಗಿಯಿರಿ. ಸುಮಾರು ನೂರು ಕಿಲೋಮೀಟರ್ ಓಡಿದ ಮೇಲೆ, ಅಂದರೆ ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಒಮ್ಮೆ ಹೋಗಿ ಬಂದ ಮೇಲೆ, ಚಕ್ರ ಬಿಚ್ಚಿಸಿ, ಸ್ಪೇಸರನ್ನು ಹಬ್ಬಿಗೆ ಹಿಡಿದಿರುವ ಒಳಗಿನ ನಟ್ಟುಗಳನ್ನು ಮತ್ತೆ ಪರೀಕ್ಷಿಸಿ. ಪಂಕ್ಚರ್ ಅಂಗಡಿಯ ಹುಡುಗ ಗಾಳಿ ಗನ್ನಿನಿಂದ ಬಿಗಿದುಕೊಡುವುದು ಹೊರಗಿನ ಸಾಲನ್ನು ಮಾತ್ರ. ಒಳಗೆ ಇನ್ನೊಂದು ಸಾಲಿದೆ ಎಂದು ಅವನಿಗೆ ನೀವೇ ಹೇಳಬೇಕು.