ಪಲ್ಲಾವರದ ಕಲ್ಲು, ಏರ್ಕಾಡಿನ ಮನೆ

ಕೇಳುಗರೆಲ್ಲರಿಗೂ ನಮಸ್ಕಾರ.

1863ರ ಮೇ 30ರಂದು, ಮದರಾಸು ನಗರದ ದಕ್ಷಿಣಕ್ಕಿರುವ ಪಲ್ಲಾವರದಲ್ಲಿ, ಸೈನಿಕರ ಕವಾಯತು ಮೈದಾನದ ಬಳಿ ಜಲ್ಲಿಗಾಗಿ ತೋಡಿದ್ದ ಒಂದು ಗುಂಡಿಯಲ್ಲಿ, ಇಪ್ಪತ್ತೆಂಟು ವರ್ಷದ ಭೂವಿಜ್ಞಾನಿಯೊಬ್ಬರು ಒಂದು ಕಲ್ಲನ್ನು ಎತ್ತಿಕೊಂಡರು. ಕ್ವಾರ್ಟ್‌ಜೈಟ್ ಎಂಬ ಗಟ್ಟಿ ಶಿಲೆಯ ತುಂಡು ಅದು. ಎರಡೂ ಮೈಗಳಿಂದ ಚಕ್ಕೆ ಎಬ್ಬಿಸಿ, ಒಂದು ತುದಿಯನ್ನು ಚೂಪು ಮಾಡಿ, ಹಿಡಿಯಲು ಇನ್ನೊಂದು ತುದಿಯನ್ನು ದಪ್ಪಗೆ ಬಿಟ್ಟಿದ್ದ ಅದರ ಆಕಾರವನ್ನು ನೋಡಿದಾಗ ಇದು ಮಳೆಗಾಳಿಯ ಕೆಲಸವಲ್ಲ, ಮನುಷ್ಯನ ಕೈಕೆಲಸವೆಂದು ಅವರಿಗೆ ಹೊಳೆಯಿತು. ಭಾರತದಲ್ಲಿ ಹಳೆ ಶಿಲಾಯುಗದ್ದೆಂದು ಗುರುತು ಹಿಡಿದ ಮೊದಲ ಕೈಗೊಡಲಿ ಅದೇ. ಗುರುತು ಹಿಡಿದವರು ರಾಬರ್ಟ್ ಬ್ರೂಸ್ ಫೂಟ್.

ಅವರು ಹುಟ್ಟಿದ್ದು 1834ರಲ್ಲಿ, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಗೆ ಸೇರಿ ದಕ್ಷಿಣಕ್ಕೆ ಬಂದವರು ಮುಂದಿನ ಮೂವತ್ತಮೂರು ವರ್ಷಗಳ ಬಹುಭಾಗವನ್ನು ಡೇರೆಗಳಲ್ಲೇ ಕಳೆದರು. ಆ ಕಾಲದ ಸರ್ವೇಕ್ಷಣವೆಂದರೆ ಸಾಮಾನನ್ನು ಎತ್ತಿನ ಗಾಡಿಗೆ ಹೇರಿ ಮುಂದಿನ ಬಿಡಾರಕ್ಕೆ ಕಳುಹಿಸುವುದು, ತಾವು ಸುತ್ತಿಗೆ ಹಿಡಿದು ಗುಡ್ಡ, ಹಳ್ಳ, ಹೊಳೆಯ ದಡಗಳನ್ನು ಅಳೆಯುತ್ತ ಹೋಗುವುದು, ಕತ್ತಲಾದ ಮೇಲೆ ಅಂದು ಕಂಡದ್ದನ್ನು ನಕ್ಷೆಗೆ ಇಳಿಸುವುದು. ಮಳೆಗಾಲದಲ್ಲಷ್ಟೇ ಊರು, ಕಚೇರಿ, ಮನೆ.

ಇಂಥವರಿಗೆ ಸಂಸಾರ ಹೇಗೆ ಸಾಧ್ಯವಾಯಿತು ಎಂದು ಕೇಳಬಹುದು. ಪಲ್ಲಾವರದ ಕಲ್ಲು ಸಿಗುವ ಹಿಂದಿನ ವರ್ಷವಷ್ಟೇ ಅವರ ಮದುವೆಯಾಗಿತ್ತು. ಹುಡುಗಿ ಎಲಿಜಬೆತ್, ರೆವರೆಂಡ್ ಪೀಟರ್ ಪರ್ಸಿವಲ್ ಅವರ ಮಗಳು. ಪರ್ಸಿವಲ್ ತಮಿಳಿನ ವಿದ್ವಾಂಸರು, ತಮಿಳು ಗಾದೆಗಳನ್ನು ಸಾವಿರಾರು ಸಂಖ್ಯೆಯಲ್ಲಿ ಕೂಡಿಹಾಕಿದವರು. ಮಾವ ಗಾದೆ ಹೆಕ್ಕಿದರು, ಅಳಿಯ ಕಲ್ಲು ಹೆಕ್ಕಿದರು. ಆ ಮನೆಯ ಊಟದ ಹೊತ್ತಿನ ಮಾತುಗಳನ್ನು ಕೇಳುವ ಆಸೆ ನನಗಂತೂ ಆಗುತ್ತದೆ. 1870ರಲ್ಲಿ ಎಲಿಜಬೆತ್ ತೀರಿಕೊಂಡರು. ನಾಲ್ಕು ವರ್ಷಗಳ ಬಳಿಕ ಫೂಟ್ ಮತ್ತೆ ಮದುವೆಯಾದರು. ಮಾವನ ಮನೆಯ ನಂಟಿದ್ದ ಏರ್ಕಾಡು, ಸೇಲಂ ಬಳಿಯ ಶೇವರಾಯ್ ಬೆಟ್ಟದ ಮೇಲಿನ ಆ ತಂಪು ಊರು, ಕೊನೆಗೆ ಅವರದೇ ಊರಾಯಿತು.

ಕನ್ನಡಿಗರಿಗೆ ಫೂಟ್ ಅವರ ಋಣ ದೊಡ್ಡದು. ಧಾರವಾಡ ಸೀಮೆಯಲ್ಲಿಯೂ ಬಳ್ಳಾರಿಯಲ್ಲಿಯೂ ಪಟ್ಟೆಪಟ್ಟೆಯಾಗಿ ಹಾಯ್ದುಹೋಗುವ, ಕಬ್ಬಿಣ ಮತ್ತು ಚಿನ್ನವನ್ನು ಹೊತ್ತ ಪುರಾತನ ಶಿಲೆಗಳು ಸುತ್ತಲಿನ ನೈಸ್ ಎಂಬ ಶಿಲೆಗಿಂತ ಬೇರೆಯೇ ಆದ ಒಂದು ಕುಲವೆಂದು ಬಿಡಿಸಿ ಹೇಳಿ, 1880ರ ದಶಕದಲ್ಲಿ ಅದಕ್ಕೆ ಧಾರವಾಡದ ಹೆಸರನ್ನೇ ಇಟ್ಟವರು ಅವರು. ಇಂದು ಜಗತ್ತಿನ ಯಾವ ಮೂಲೆಯ ಭೂವಿಜ್ಞಾನಿಯ ಬಾಯಲ್ಲೂ ಧಾರವಾಡವೆಂದರೆ ಮೊದಲು ಕಲ್ಲು. ಪೇಡೆ, ಸಂಗೀತಗಳೆಲ್ಲ ಆಮೇಲೆ. ಗೋಕಾಕದ ಬಳಿಯ ಚಿಕ್ಕಡೌಲಿಯಲ್ಲಿ ಅವರಿಗೆ ಘೇಂಡಾಮೃಗದ ಪಳೆಯುಳಿಕೆ ದೊರೆಯಿತು. 1874ರಲ್ಲಿ ಅದನ್ನು ವರ್ಣಿಸಿ, ದಖನ್ನಿನ ಹೆಸರಿನಿಂದಲೇ ಕರೆದರು. ಘಟಪ್ರಭೆಯ ಸೀಮೆಯಲ್ಲಿ ಒಂದು ಕಾಲಕ್ಕೆ ಘೇಂಡಾಮೃಗ ಮೇಯುತ್ತಿತ್ತೆಂಬುದು ಜೋಳದ ಹೊಲಗಳ ನಡುವೆ ನಿಂತವರಿಗೆ ಸುಲಭಕ್ಕೆ ನಂಬುವಂಥ ಮಾತಲ್ಲ.

ಬಳ್ಳಾರಿಯ ಬೂದಿಗುಡ್ಡಗಳ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಕುಡತಿನಿಯ ಬಳಿಯೂ ಕುಪ್ಪಗಲ್ಲಿನಲ್ಲಿಯೂ ಇರುವ ಈ ದಿಬ್ಬಗಳನ್ನು ಅಗೆದರೆ ಪದರಪದರವಾಗಿ ಬಿಳಿ ಬೂದಿ, ನಡುನಡುವೆ ಕರಗಿ ಗಾಜಿನಂತಾಗಿ ತೂತುತೂತಾದ ಕಿಟ್ಟದ ಗಟ್ಟಿಗಳು. ಊರವರು ರಕ್ಕಸರನ್ನು ಸುಟ್ಟ ಬೂದಿ ಎಂದರು. ಹಂಪಿಯ ಬಳಿ ನಿಂಬಾಪುರದ ದಿಬ್ಬಕ್ಕಂತೂ ವಾಲಿಯನ್ನು ದಹಿಸಿದ ಜಾಗವೆಂಬ ಹೆಸರು ಇಂದಿಗೂ ಉಂಟು. ಇದು ಸಗಣಿ ಉರಿದ ಬೂದಿ ಎಂದರೆ, ಬರಿ ಸಗಣಿ ಇಷ್ಟು ಕಾವಿಗೆ ಕರಗಿ ಕಿಟ್ಟವಾದೀತೇ ಎಂಬ ಸಂದೇಹ ವಿದ್ವಾಂಸರಲ್ಲಿತ್ತು. ಫೂಟ್ ಮಾತ್ರ ಇದು ನವಶಿಲಾಯುಗದ ದನಗಾಹಿಗಳ ದೊಡ್ಡಿಗಳಲ್ಲಿ ರಾಶಿಬಿದ್ದು ಉರಿದ ಸಗಣಿಯೇ ಎಂಬ ನಿಲುವಿಗೆ ಅಂಟಿಕೊಂಡರು. ಅವರು ತೀರಿಕೊಂಡು ನಾಲ್ಕು ದಶಕಗಳ ಮೇಲೆ, 1957ರಲ್ಲಿ, ಪುರಾತತ್ತ್ವಜ್ಞ ಆಲ್ಚಿನ್ ಅವರು ಈಗಿನ ತೆಲಂಗಾಣದ ಉಟ್ನೂರಿನ ಬೂದಿದಿಬ್ಬವನ್ನು ಅಗೆಸಿದಾಗ ಬೂದಿಯ ಪದರಗಳಲ್ಲಿ ದನಗಳ ಗೊರಸಿನ ಗುರುತುಗಳೇ ಅಚ್ಚೊತ್ತಿದಂತೆ ಕಂಡವು. ಕೊಟ್ಟಿಗೆಯಿರುವ ಮನೆಯಲ್ಲಿ ಬೆಳೆದವರಿಗೆ ಇದೇನು ದೊಡ್ಡ ಒಗಟಲ್ಲ. ಆದರೆ ಸಗಣಿಯನ್ನು ಶಾಸ್ತ್ರದ ಮಾತಾಗಿ ಒಪ್ಪಿಕೊಳ್ಳಲು ಪಂಡಿತರಿಗೆ ಹೊತ್ತು ಹಿಡಿಯಿತು.

ಇನ್ನು ಅಪ್ಪ ಮಗನ ಕಥೆ. 1883ರ ಸುಮಾರಿಗೆ ಬ್ರಿಟನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯ ಅಧ್ಯಕ್ಷರಾಗಿದ್ದ ಥಾಮಸ್ ಹಕ್ಸ್ಲಿ ಅವರು, ಕರ್ನೂಲು ಸೀಮೆಯ ಗುಹೆಗಳನ್ನು ಅಗೆಸಬೇಕೆಂದು ಮದರಾಸಿನ ಗವರ್ನರ್ ಗ್ರಾಂಟ್ ಡಫ್ ಅವರನ್ನು ಒತ್ತಾಯಿಸಿದರು. ಬೇತಂಚೆರ್ಲದ ಬಳಿಯ ಬಿಲ್ಲಸುರ್ಗಂ ಗುಹೆಗಳಲ್ಲಿ ನ್ಯೂಬೋಲ್ಡ್ ಎಂಬ ಸೇನಾಧಿಕಾರಿ ನಾಲ್ಕು ದಶಕಗಳ ಹಿಂದೆಯೇ ಮೂಳೆಗಳನ್ನು ಕಂಡಿದ್ದರು. ಯೂರೋಪಿನ ಗುಹೆಗಳಂತೆ ಇಲ್ಲಿಯೂ ಆದಿಮಾನವನ ಕುರುಹು ಸಿಕ್ಕೀತೆಂಬ ಆಸೆ. ಕೆಲಸ ಫೂಟ್ ಅವರ ಪಾಲಿಗೆ ಬಂತು. ಅವರು ಶುರುಮಾಡಿದ್ದನ್ನು ಮುಂದುವರಿಸಿದ್ದು ಅವರ ಮಗ, ಫಿರಂಗಿದಳದ ಲೆಫ್ಟಿನೆಂಟ್ ಹೆನ್ರಿ ಫೂಟ್. ಬಾವಲಿಗಳ ಹಿಕ್ಕೆ ತುಂಬಿದ ಆ ಕತ್ತಲಲ್ಲಿ ತಿಂಗಳುಗಟ್ಟಲೆ ಮಣ್ಣು ತೆಗೆಸಿ, ಆಳವಾರಾಗಿ ಮೂಳೆಗಳನ್ನು ಬೇರ್ಪಡಿಸಿಟ್ಟ ಶ್ರಮ ಆ ತರುಣನದು. ಒಂದು ಗುಹೆಗೆ ಅವರು ಇಟ್ಟ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ ಮೂಳೆಮನೆ, ಇನ್ನೊಂದರದು ನರಕದ ಹೊಸ್ತಿಲು ಎನ್ನಬಹುದು. ಅಲ್ಲಿಯ ಹವೆ ಹೇಗಿತ್ತೆಂದು ಇದರಿಂದಲೇ ಊಹಿಸಬಹುದು.

ಸರ್ವೇಕ್ಷಣ ಸಂಸ್ಥೆಯ ಸಂಪುಟದಲ್ಲಿ ಇದರ ವರದಿಯನ್ನು ಬರೆದವರು ತಂದೆ. ಆದರೆ ಲೇಖನದ ಶೀರ್ಷಿಕೆಯಲ್ಲೇ ಕೆಲಸ ಎಚ್. ಬಿ. ಫೂಟ್ ಅವರದು ಎಂದು ಬರೆದರು. ಕೈಕೆಳಗಿನವರ ದುಡಿಮೆ ಮೇಲಿನವರ ಹೆಸರಿಗೆ ಸಲೀಸಾಗಿ ಸೇರಿಹೋಗುತ್ತಿದ್ದ ಕಾಲದಲ್ಲಿ ಇದನ್ನು ಬರಿಯ ಔಪಚಾರಿಕತೆ ಎಂದು ನಾನು ಓದಲಾರೆ. ಆ ಮೂಳೆಗಳನ್ನು ಪರೀಕ್ಷಿಸಿದ ಪಳೆಯುಳಿಕೆತಜ್ಞ ಲಿಡೆಕ್ಕರ್ ಅವರು 1886ರಲ್ಲಿ ಅವುಗಳಲ್ಲಿಯೂ ಒಂದು ಘೇಂಡಾಮೃಗವನ್ನು ಗುರುತಿಸಿ ಅದಕ್ಕೆ ಕರ್ನೂಲಿನ ಹೆಸರಿಟ್ಟರು. ಹೀಗೆ ತಂದೆಗೆ ಗೋಕಾಕದಲ್ಲಿ ಒಂದು, ಮಗನಿಗೆ ಕರ್ನೂಲಿನಲ್ಲಿ ಇನ್ನೊಂದು.

1891ರಲ್ಲಿ ನಿವೃತ್ತರಾದರೂ ತಂದೆ ಫೂಟ್ ಸುಮ್ಮನೆ ಕೂಡಲಿಲ್ಲ. ಬರೋಡೆಯಲ್ಲಿ ಕೆಲಸ ಮಾಡಿದರು. 1894ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆಯನ್ನು ತೆರೆದಾಗ ಅದರ ಹೊಣೆ ಹೊತ್ತರು. ಆ ಬಳಿಕ ಏರ್ಕಾಡಿನ ಮನೆ. ನಲವತ್ತು ವರ್ಷ ಕೂಡಿಸಿದ್ದ ಕಲ್ಲಿನ ಉಪಕರಣಗಳನ್ನೂ ಮಡಕೆಯ ಚೂರುಗಳನ್ನೂ 1904ರಲ್ಲಿ ಮದರಾಸಿನ ವಸ್ತುಸಂಗ್ರಹಾಲಯ ಕೊಂಡುಕೊಂಡಿತು. 450ಕ್ಕೂ ಹೆಚ್ಚು ನೆಲೆಗಳಿಂದ ಬಂದ ಆ ವಸ್ತುಗಳಿಗೆ ವಿವರಪಟ್ಟಿ ಬರೆಯುವುದು ಮುದುಕನ ನಿತ್ಯದ ಕೆಲಸವಾಯಿತು. ಯಾವ ಕಲ್ಲು ಯಾವ ಊರಿನದು, ಯಾವ ಗುಡ್ಡದ ಯಾವ ಮಗ್ಗುಲಿನದು ಎಂಬುದು ಅವರ ಹೊರತು ಇನ್ನಾರಿಗೆ ಗೊತ್ತಿರಬೇಕು?

1912ರ ಡಿಸೆಂಬರ್ 29ರಂದು ಅವರು ಕಲ್ಕತ್ತೆಯಲ್ಲಿ ತೀರಿಕೊಂಡರು. ಚಿತಾಭಸ್ಮವನ್ನು ಏರ್ಕಾಡಿಗೆ ತಂದು ಅಲ್ಲಿಯ ಹೋಲಿ ಟ್ರಿನಿಟಿ ಚರ್ಚಿನ ಆವರಣದಲ್ಲಿ ಇರಿಸಿದರು. ವಿವರಪಟ್ಟಿ ಅಚ್ಚಾಗಿ ಹೊರಬಂದದ್ದು ಅದಾದ ಎರಡು ವರ್ಷಕ್ಕೆ.

ನಮಸ್ಕಾರ.