ಸಂಬಳ ಹೊತ್ತವರ ಲಾಂಛನ

ಸ್ನೇಹಿತರೇ,

ಸೇನೆಯ ಚರಿತ್ರೆ ಎಂದರೆ ನಾವು ಓದುವುದು ಯುದ್ಧಗಳನ್ನು. ಯುದ್ಧ ಮಾಡಿದವನಿಗೆ ಸಂಬಳ ಸಿಕ್ಕಿತೇ ಎಂದು ಕೇಳುವವರು ಕಡಿಮೆ. ಅಮೆರಿಕದ ಭೂಸೇನೆಯಲ್ಲಿ ಸಂಬಳ ಮತ್ತು ಹಣದ ಲೆಕ್ಕ ನೋಡಿಕೊಳ್ಳುವ ‘ಫೈನಾನ್ಸ್ ಕೋರ್’ ಎಂಬ ದಳದ ಕಥೆಯನ್ನು ಇಂದು ಆರಿಸಿಕೊಂಡಿದ್ದು ಅದಕ್ಕೇ.

1775ರ ಜೂನ್ 16ರಂದು, ಬ್ರಿಟನ್ನಿನ ವಿರುದ್ಧ ಎದ್ದ ಅಮೆರಿಕದ ವಸಾಹತುಗಳ ಪ್ರತಿನಿಧಿ ಸಭೆಯಾದ ಕಾಂಟಿನೆಂಟಲ್ ಕಾಂಗ್ರೆಸ್, ಸೇನೆಗೊಬ್ಬ ಪೇಮಾಸ್ಟರ್ ಜನರಲ್, ಅಂದರೆ ಸಂಬಳ ಹಂಚುವ ಮುಖ್ಯಾಧಿಕಾರಿ, ಬೇಕೆಂದು ತೀರ್ಮಾನಿಸಿತು. ಈ ದಳ ತನ್ನ ಹುಟ್ಟುಹಬ್ಬ ಎಣಿಸುವುದು ಆ ದಿನದಿಂದ. ಮ್ಯಾಸಚೂಸೆಟ್ಸ್‌ನ ಜೇಮ್ಸ್ ವಾರನ್ ಆ ಹುದ್ದೆಗೆ ಬಂದರು. ಹುದ್ದೆಯೇನೋ ಆಯಿತು, ಹಣ? ಕಾಂಗ್ರೆಸ್ ಅಚ್ಚು ಹಾಕಿಸಿದ ನೋಟು ಬೆಲೆ ಕಳೆದುಕೊಂಡಿತು. 1783ರ ಜೂನ್‌ನಲ್ಲಿ, ಬಾಕಿ ಸಂಬಳಕ್ಕಾಗಿ ಸಿಟ್ಟಿಗೆದ್ದ ಸೈನಿಕರು ಫಿಲಡೆಲ್ಫಿಯಾದಲ್ಲಿ ಕಾಂಗ್ರೆಸ್ ಸೇರಿದ್ದ ಕಟ್ಟಡವನ್ನೇ ಸುತ್ತುವರಿದರು. ಸದಸ್ಯರು ಊರು ಬಿಟ್ಟು ಪ್ರಿನ್ಸ್‌ಟನ್‌ಗೆ ಹೋಗಬೇಕಾಯಿತು. ಬಟವಾಡೆ ತಪ್ಪಿದರೆ ಸರ್ಕಾರವೇ ಅಲುಗಾಡುತ್ತದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಗಡಿನಾಡಿನ ಕೋಟೆಗಳಿಗೆ ಸಂಬಳ ನಾಣ್ಯಗಳಲ್ಲೇ ಹೋಗುತ್ತಿತ್ತು, ಬಂಡಿಯ ಮೇಲೆ. 1889ರ ಮೇ 11ರಂದು ಅರಿಜೋನಾದಲ್ಲಿ ಮೇಜರ್ ಜೋಸೆಫ್ ವಾಮ್ 28,000 ಡಾಲರ್‌ಗೂ ಹೆಚ್ಚು ಹಣ ಇಟ್ಟುಕೊಂಡು ಫೋರ್ಟ್ ಗ್ರ್ಯಾಂಟ್‌ನಿಂದ ಫೋರ್ಟ್ ಥಾಮಸ್ ಕಡೆಗೆ ಹೊರಟಿದ್ದರು. ದಾರಿಗೆ ಅಡ್ಡಲಾಗಿ ಒಂದು ಬಂಡೆ. ಅದನ್ನು ಸರಿಸಲು ಹೋದಾಗ ಮೇಲಿನ ಗುಡ್ಡದಿಂದ ಗುಂಡಿನ ಮಳೆ. ಕಾವಲಿಗಿದ್ದವರು ಕರಿಯ ಸೈನಿಕರು. ಸಾರ್ಜೆಂಟ್ ಬೆಂಜಮಿನ್ ಬ್ರೌನ್ ಹೊಟ್ಟೆಗೆ ಗುಂಡು ತಗುಲಿದರೂ, ಎರಡೂ ತೋಳುಗಳಿಗೆ ಮತ್ತೆ ಗಾಯವಾಗುವವರೆಗೆ ಜಾಗ ಬಿಡಲಿಲ್ಲ. ಕಾರ್ಪೊರಲ್ ಐಸಾಯಾ ಮೇಸ್ ನಡೆದು, ತೆವಳಿ, ಎರಡು ಮೈಲಿ ದೂರದ ರಾಂಚ್‌ಗೆ (ದನ ಸಾಕುವ ದೊಡ್ಡ ತೋಟಕ್ಕೆ) ಹೋಗಿ ಸಹಾಯ ಕೇಳಿದರು. ಇಬ್ಬರಿಗೂ ಅಮೆರಿಕ ಸೇನೆಯ ಅತ್ಯುನ್ನತ ಶೌರ್ಯ ಪದಕವಾದ ಮೆಡಲ್ ಆಫ್ ಆನರ್ ಬಂತು. ದರೋಡೆಯಾದ ಹಣ ಸಿಗಲಿಲ್ಲ, ವಿಚಾರಣೆಗೆ ನಿಂತ ಆರೋಪಿಗಳು ಬಿಡುಗಡೆಯಾದರು. ಸಂಬಳ ಹಂಚುವುದು ಕುರ್ಚಿಯ ಕೆಲಸ ಎನ್ನುವವರು ಈ ಇಬ್ಬರನ್ನು ನೆನೆಯಬೇಕು.

ಈಗ ಲಾಂಛನಕ್ಕೆ ಬರೋಣ. ಬಂಗಾರದ ಬಣ್ಣದ ಒಂದು ಸಾದಾ ವಜ್ರಾಕೃತಿ, ಇಸ್ಪೀಟಿನ ಡೈಮಂಡನ್ನು ಅಡ್ಡ ಮಲಗಿಸಿದಂತೆ. ಅಗಲ ಒಂದು ಅಂಗುಲ, ಎತ್ತರ ಮುಕ್ಕಾಲು ಅಂಗುಲ. ಪದಾತಿ ದಳಕ್ಕೆ ಬಂದೂಕುಗಳು, ಫಿರಂಗಿ ದಳಕ್ಕೆ ತೋಪುಗಳು, ಅಶ್ವದಳಕ್ಕೆ ಕತ್ತಿಗಳು. ಇವರದರಲ್ಲಿ ಆಯುಧವೂ ಇಲ್ಲ, ನಾಣ್ಯವೂ ಇಲ್ಲ. ಆ ಸರಳತೆ ನನಗೆ ತುಂಬ ಇಷ್ಟ. ದಳದ ಬಣ್ಣ ಬೆಳ್ಳಿಬೂದು, ಅಂಚಿಗೆ ಹೊನ್ನಹಳದಿ.

ಈ ವಜ್ರ ಮೊದಲು ಸೇನೆಯ ಪೇ ಡಿಪಾರ್ಟ್‌ಮೆಂಟಿನದು. 1912ರಲ್ಲಿ ಆ ಇಲಾಖೆಯನ್ನು ಸರಬರಾಜಿನ ದಳವಾದ ಕ್ವಾರ್ಟರ್‌ಮಾಸ್ಟರ್ ಕೋರ್‌ನೊಳಗೆ ಸೇರಿಸಿದಾಗ ಲಾಂಛನವೂ ಹೋಯಿತು. ಅನ್ನ, ಬಟ್ಟೆ, ಬಂಡಿ, ಸಂಬಳ ಎಲ್ಲವೂ ಒಂದೇ ಸೂರಿನಡಿ ಇದ್ದರೆ ಖರ್ಚು ಉಳಿದೀತೆಂಬ ಲೆಕ್ಕ. ಮೊದಲ ಮಹಾಯುದ್ಧ ಅದನ್ನು ಬುಡಮೇಲು ಮಾಡಿತು. ಎರಡು ಲಕ್ಷದ ಆಸುಪಾಸಿನಲ್ಲಿದ್ದ ಸೇನೆ ನಲವತ್ತು ಲಕ್ಷದ ಹತ್ತಿರಕ್ಕೆ ಉಬ್ಬಿತು. ಸಾಮಾನು ಕೊಳ್ಳುವವರೇ ಹಣ ಪಾವತಿಸುವ ಪದ್ಧತಿ ಇಷ್ಟು ದೊಡ್ಡ ಭಾರ ಹೊರಲಾರದು ಎಂಬುದು ಗೊತ್ತಾಯಿತು. 1920ರಲ್ಲಿ ಫೈನಾನ್ಸ್ ಡಿಪಾರ್ಟ್‌ಮೆಂಟ್ ಪ್ರತ್ಯೇಕವಾಗಿ ನಿಂತಾಗ ವಜ್ರ ಮತ್ತೆ ಕಾಲರಿಗೆ ಬಂತು. ಫೈನಾನ್ಸ್ ಕೋರ್ ಎಂಬ ಹೆಸರು 1950ರದು.

ದಳದ ಧ್ಯೇಯವಾಕ್ಯ ‘ಬೆಂಬಲಕ್ಕೆ, ಸೇವೆಗೆ’. ಸಂಬಳ ಈಗ ನೇರವಾಗಿ ಬ್ಯಾಂಕಿಗೆ ಹೋಗುತ್ತದೆ. ಆದರೂ ಹೊರದೇಶದ ನೆಲೆಗಳಲ್ಲಿ ಸ್ಥಳೀಯ ವ್ಯಾಪಾರಿಗೆ ಹಣ ಎಣಿಸಿ ಕೊಟ್ಟು ಲೆಕ್ಕ ಒಪ್ಪಿಸುವ ಹೊಣೆ ಇಂದಿಗೂ ಇದೇ ವಜ್ರ ಧರಿಸಿದವರದು.