ತುಪ್ಪ ಬಿಟ್ಟರೆ ತೀರದ ಕಾಯಿಲೆ

ಎಲ್ಲರಿಗೂ ನಮಸ್ಕಾರ. ಊಟದ ಹೊತ್ತು ಹತ್ತಿರವಾಗಿದೆ, ಆದರೂ ಮಾತನ್ನು ಕಕ್ಕಸಿನಿಂದಲೇ ಶುರು ಮಾಡಬೇಕಾಗಿದೆ, ಕ್ಷಮಿಸಿ. ಮೇದೋಜೀರಕ ಗ್ರಂಥಿ, ಅಂದರೆ ಪ್ಯಾಂಕ್ರಿಯಾಸ್, ವರ್ಷಗಟ್ಟಲೆ ಉರಿಯೂತದಿಂದ ಹಾಳಾದವರು ಹೊಟ್ಟೆನೋವಿನ ಬಗ್ಗೆ ಅರ್ಧ ಗಂಟೆ ಹೇಳುತ್ತಾರೆ. ಮಲದ ವಿಷಯ ಮಾತ್ರ ನಾವೇ ಕೇಳಬೇಕು. "ಎರಡು ಬಕೆಟ್ ನೀರು ಹಾಕಿದ್ರೂ ಹೋಗಲ್ಲ ಸಾರ್, ಮೇಲೆ ಎಣ್ಣೆ ತೇಲ್ತದೆ" ಎಂದರೆ ಕಾಯಿಲೆ ಅರ್ಧ ಗೊತ್ತಾದ ಹಾಗೆ.

ಆ ಎಣ್ಣೆ ಅವರು ತಿಂದದ್ದೇ. ಜಿಡ್ಡನ್ನು ಒಡೆಯುವ ಮುಖ್ಯ ಕಿಣ್ವ ಲೈಪೇಸ್, ಅದು ಬರುವುದು ಈ ಗ್ರಂಥಿಯಿಂದ. ಆದರೆ ಗ್ರಂಥಿಯ ದಾಸ್ತಾನು ದೊಡ್ಡದು. 1973ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಡಿಮ್ಯಾಗ್ನೋ ಮತ್ತು ಸಂಗಡಿಗರು ತೋರಿಸಿದಂತೆ, ಲೈಪೇಸ್ ಶೇ. 10ಕ್ಕಿಂತ ಕೆಳಗಿಳಿದ ಮೇಲಷ್ಟೇ ಮಲದಲ್ಲಿ ಜಿಡ್ಡು ಹೆಚ್ಚುತ್ತದೆ. ಎಣ್ಣೆ ತೇಲಿತೆಂದರೆ ತಡವಾಗಿದೆ ಎಂದೇ ಅರ್ಥ.

ಎ, ಡಿ, ಇ, ಕೆ ವಿಟಮಿನ್ನುಗಳು ಜಿಡ್ಡಿನ ಬೆನ್ನೇರಿಯೇ ರಕ್ತ ಸೇರಬೇಕು. ಜಿಡ್ಡು ಹೊರಟರೆ ಇವೂ ಹೊರಟವು. ಮುಸ್ಸಂಜೆಗೆ ದಾರಿ ಕಾಣದು, ಸಣ್ಣ ಪೆಟ್ಟಿಗೂ ಚರ್ಮ ನೀಲಿಗಟ್ಟುತ್ತದೆ. ನನಗೆ ಮೂಳೆಯದೇ ದೊಡ್ಡ ಚಿಂತೆ: ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಈ ರೋಗಿಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನರ ಮೂಳೆ ಸೊರಗಿರುತ್ತದೆ. ಮೂವತ್ತೈದರ ಗಂಡಸು ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರೆ ಪ್ಯಾಂಕ್ರಿಯಾಸ್ ಯಾರಿಗೆ ನೆನಪಾದೀತು? ಕಿಡ್ನಿಯನ್ನೂ ಇದು ಬಿಡುವುದಿಲ್ಲ. ಹೀರಲ್ಪಡದ ಜಿಡ್ಡು ಕರುಳಿನಲ್ಲಿ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೆ ಅಂಟಿಕೊಂಡು ಹೊರಹೋಗಬೇಕಿದ್ದ ಆಕ್ಸಲೇಟ್ ರಕ್ತ ಸೇರಿ, ಮೂತ್ರದಲ್ಲಿ ಕಲ್ಲಾಗುತ್ತದೆ.

ಇದು ಕುಡುಕರ ಕಾಯಿಲೆ ಎಂಬ ಮಾತೊಂದಿದೆ. ಕುಡಿತ ದೊಡ್ಡ ಕಾರಣ, ನಿಜ. ಆದರೆ ಕೇರಳದಲ್ಲಿ ಡಾ. ಗೀವರ್ಗೀಸ್ 1960ರ ದಶಕದಲ್ಲಿ ವಿವರಿಸಿದ ರೋಗಿಗಳು ಹೆಂಡ ಮುಟ್ಟದ ಎಳೆಯರು. ಗ್ರಂಥಿಯ ತುಂಬ ಕಲ್ಲು, ಹರೆಯದಲ್ಲೇ ಸಕ್ಕರೆ ಕಾಯಿಲೆ. ಮರಗೆಣಸಿನ ಮೇಲೆ ಬಹುಕಾಲ ಗುಮಾನಿಯಿತ್ತು. ಆಮೇಲೆ ಅಂಥ ಅನೇಕರಲ್ಲಿ ಸ್ಪಿಂಕ್1 ಎಂಬ ಜೀನಿನ ವ್ಯತ್ಯಾಸ ಸಿಕ್ಕಿತು. "ಎಷ್ಟು ಕುಡೀತೀಯ?" ಎಂದು ಗದರುವ ನಮ್ಮ ಕಿರಿಯ ವೈದ್ಯರಿಗೆ ಇದನ್ನು ಹೇಳುತ್ತಲೇ ಇರುತ್ತೇನೆ.

ಮನೆಯವರು ಮೊದಲು ಬಿಡಿಸುವುದು ತುಪ್ಪ, ತೆಂಗಿನಕಾಯಿ. ಹಿಂದೆ ನಾವು ವೈದ್ಯರೂ ಅದನ್ನೇ ಹೇಳುತ್ತಿದ್ದೆವು. ಭೇದಿ ಕಡಿಮೆಯಾಯಿತು, ಜೊತೆಗೆ ಮನುಷ್ಯನೂ ಕರಗಿದ. ಬೇಕಾದ್ದು ಕಿಣ್ವದ ಕ್ಯಾಪ್ಸೂಲು: ದೊಡ್ಡವರಿಗೆ ಸಾಮಾನ್ಯವಾಗಿ ಊಟಕ್ಕೆ 40,000ದಿಂದ 50,000 ಯೂನಿಟ್ ಲೈಪೇಸ್, ಸಂಜೆಯ ಕುರುಕಲಿಗೆ ಅದರರ್ಧ. ಅದನ್ನು ತೆಗೆಯುವುದು ಹಂದಿಯ ಗ್ರಂಥಿಯಿಂದ. ಹೇಳದೆ ಕೊಡುವುದು ನನಗೆ ಸರಿ ಕಾಣುವುದಿಲ್ಲ.

ಒಬ್ಬ ಯಜಮಾನರು ಆರು ತಿಂಗಳು ನುಂಗಿಯೂ ಗುಣವಿಲ್ಲವೆಂದು ಬಂದರು. ಯಾವಾಗ ತಗೋತೀರಿ ಎಂದೆ. "ಬೆಳಿಗ್ಗೆ ಎದ್ದ ತಕ್ಷಣ, ಗ್ಯಾಸಿನ ಮಾತ್ರೆ ಜೊತೆ." ಖಾಲಿ ಹೊಟ್ಟೆಯಲ್ಲಿ ಆ ಕಿಣ್ವ ಯಾವ ಊಟವನ್ನು ಜೀರ್ಣಿಸಬೇಕು? ಈಗ ಮೊದಲ ತುತ್ತಿಗೆ ಒಂದು, ಅರ್ಧ ಮುದ್ದೆಯಾದ ಮೇಲೆ ಇನ್ನೊಂದು. ತೂಕ ನಾಲ್ಕು ಕೆಜಿ ಏರಿದೆ. ತಿಂದದ್ದು ಮೈಗೆ ಹತ್ತಿದ ಮೇಲೆ ಸಕ್ಕರೆಯೂ ಏರಿತು, ಇನ್ಸುಲಿನ್ ಹೊಸದಾಗಿ ಹೊಂದಿಸಬೇಕಾಯಿತು.